ಸವುಳು ಬೋರ್ ನೀರಿಗೆ 4040 ಆರ್‌ಒ ಮೆಂಬ್ರೇನ್: ಸೇಡಂ, ಯಾದಗಿರಿ, ಬೀದರ್ ಕಡೆಯ ಬಳಕೆದಾರರ ವಿಮರ್ಶೆ

ನಾಣ್ಯ ಹಾಕಿ ಕೊಡ ತುಂಬಿಸಿಕೊಳ್ಳುವ ನಮ್ಮ ಕಡೆಯ ನೀರಿನ ಪ್ಲಾಂಟ್‌ಗಳಲ್ಲಿ ಗಂಟೆಗೆ 1000 ಲೀಟರ್ ಬೇಕೆಂದರೆ ಸಾಮಾನ್ಯವಾಗಿ ನಾಲ್ಕು ಮೆಂಬ್ರೇನ್ ಹಾಕುತ್ತಾರೆ. 4 ಇಂಚು ವ್ಯಾಸ, 40 ಇಂಚು ಉದ್ದ, ಹಾಗಾಗಿ ಹೆಸರು 4040. ವರ್ಷಗಟ್ಟಲೆ ಇವನ್ನು ನೋಡಿಕೊಂಡವರಾಗಿ ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳುತ್ತೇವೆ: ಮೆಂಬ್ರೇನ್ ಗಟ್ಟಿ ವಸ್ತು, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಅದು ಮೂರು ವರ್ಷ ಬಾಳುತ್ತದೋ ಆರು ತಿಂಗಳಿಗೇ ಕಟ್ಟಿಕೊಳ್ಳುತ್ತದೋ ಎಂಬುದು ಮಾತ್ರ ರಿಜೆಕ್ಟ್ ವಾಲ್ವನ್ನು, ಅಂದರೆ ಉಪ್ಪು ಉಳಿದ ನೀರನ್ನು ಹೊರಬಿಡುವ ವಾಲ್ವನ್ನು, ಎಷ್ಟು ತಿರುಗಿಸುತ್ತೀರಿ ಎಂಬುದರ ಮೇಲೆ ನಿಂತಿದೆ.

ಒಳಗೆ ನಡೆಯುವುದು ಇಷ್ಟು. ಪಾಲಿಅಮೈಡ್‌ನ ಅತಿ ತೆಳುವಾದ ಪದರದ ಮೇಲೆ ಒತ್ತಡದಲ್ಲಿ ನೀರು ಹರಿಯುತ್ತದೆ. ನೀರು ದಾಟುತ್ತದೆ, ಉಪ್ಪು ಬಹುಪಾಲು ಹಿಂದೆ ಉಳಿಯುತ್ತದೆ. ಉಪ್ಪು ಹೆಚ್ಚಿದಷ್ಟೂ ಒತ್ತಡ ಹೆಚ್ಚು ಬೇಕು: ಲೀಟರಿಗೆ 1000 ಮಿಲಿಗ್ರಾಂ ಲವಣಕ್ಕೆ ಸುಮಾರು 0.7 ಬಾರ್ ಆಸ್ಮೋಟಿಕ್ ಒತ್ತಡವನ್ನೇ ಮೊದಲು ಮೀರಬೇಕು. ಚೆನ್ನೈ ಬಳಿಯ ಮಿಂಜೂರಿನಂಥ ಸಮುದ್ರದ ನೀರಿನ ಘಟಕಕ್ಕೆ 55ರಿಂದ 70 ಬಾರ್ ಬೇಕಾಗುವುದು ಇದರಿಂದಲೇ. ನಮ್ಮ ಬೋರ್ ನೀರಿಗೆ 8ರಿಂದ 12 ಬಾರ್ ಸಾಕು.

ಡಬ್ಬಿಯ ಮೇಲೆ ದಿನಕ್ಕೆ 9000 ಲೀಟರ್ ಎಂದು ಬರೆದಿರುತ್ತದೆ. ಅದು 25 ಡಿಗ್ರಿ ಬಿಸಿಯ, ಲೀಟರಿಗೆ 2000 ಮಿಲಿಗ್ರಾಂ ಅಡುಗೆ ಉಪ್ಪು ಕರಗಿಸಿದ ಶುದ್ಧ ನೀರಿಗೆ 15.5 ಬಾರ್ ಒತ್ತಡ ಕೊಟ್ಟು, ಬರೀ 15 ಶೇಕಡ ನೀರು ತೆಗೆದಾಗಿನ ಲೆಕ್ಕ. ಅದೇ ಲೆಕ್ಕ ತೋರಿಸಿ ಮೂರೇ ಮೆಂಬ್ರೇನ್‌ನಲ್ಲಿ 1000 ಲೀಟರ್ ಕೊಡುತ್ತೇವೆ ಎನ್ನುವವರನ್ನು ನಂಬಬೇಡಿ. ಒಂದಕ್ಕೆ ಗಂಟೆಗೆ 250 ಲೀಟರ್ ಮೀರಿಸಿದರೆ ಕೊಳೆ ಬೇಗ ಕೂರುತ್ತದೆ.

ಈಗ ರಿಜೆಕ್ಟ್ ಮಾತು. 1800 ಟಿಡಿಎಸ್‌ನ (ಟಿಡಿಎಸ್ ಎಂದರೆ ಲೀಟರಿಗೆ ಕರಗಿದ ಲವಣ, ಮಿಲಿಗ್ರಾಂನಲ್ಲಿ) 2000 ಲೀಟರ್ ನೀರು ಕೊಟ್ಟು 1000 ಲೀಟರ್ ತೆಗೆದರೆ, ಕುಡಿಯುವ ನೀರು 60-80 ಟಿಡಿಎಸ್ ಬರುತ್ತದೆ, ರಿಜೆಕ್ಟ್ ನೀರು 3500 ಆಸುಪಾಸು. ಅಂದರೆ ಲವಣ ಎರಡು ಪಟ್ಟು. ಬೇಸಿಗೆಯಲ್ಲಿ ಬೋರ್ ಇಳಿದಾಗ ನೀರು ಪೋಲಾಗುತ್ತದೆ ಎಂಬ ಕಾಳಜಿಯಿಂದ ವಾಲ್ವ್ ಬಿಗಿದು 75 ಶೇಕಡ ತೆಗೆಯುತ್ತಾರೆ. ಆಗ ಲವಣ ನಾಲ್ಕು ಪಟ್ಟು. ಕಾಳಜಿ ಸರಿಯಾದದ್ದೇ, ಆದರೆ ಹೊರಗೆ ಹೋಗುವ ಆ ನೀರೇ ಮೆಂಬ್ರೇನ್ ತೊಳೆಯುವ ನೀರು. ಸೇಡಂ, ಚಿತ್ತಾಪುರ, ಶಹಾಬಾದ್ ಕಡೆ ನೆಲದಡಿಯಲ್ಲೇ ಸುಣ್ಣದ ಕಲ್ಲು. ಫರಸಿ ತೆಗೆಯುವ, ಸಿಮೆಂಟ್ ಮಾಡುವ ಆ ಕಲ್ಲಿನಲ್ಲಿ ಇಳಿದು ಬಂದ ನೀರನ್ನು ನಾಲ್ಕು ಪಟ್ಟು ಗಟ್ಟಿ ಮಾಡಿದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಹೊರಬೀಳದೆ ಇರುವುದಿಲ್ಲ. ಅದು ಮೊದಲು ಕೂರುವುದು ಕೊನೆಯ ಮೆಂಬ್ರೇನ್‌ನಲ್ಲಿ, ನೀರು ಅತಿ ಗಟ್ಟಿಯಾಗಿರುವ ಜಾಗದಲ್ಲಿ. ಅದನ್ನು ಹೊರತೆಗೆದು ನೀರು ಬಸಿದು ತೂಗಿದರೆ ಹೊಸದಕ್ಕಿಂತ ಭಾರ ಇರುತ್ತದೆ. ತುದಿಯಲ್ಲಿ ಕಾಣುವ ಬಿಳಿ ಪುಡಿಯ ಮೇಲೆ ತೆಳುವಾದ ಹೈಡ್ರೋಕ್ಲೋರಿಕ್ ಆಸಿಡ್ ಎರಡು ಹನಿ ಬಿಟ್ಟಾಗ ನೊರೆ ಎದ್ದರೆ ಅದು ಕಾರ್ಬೊನೇಟ್, ತೊಳೆದರೆ ಹೋಗುತ್ತದೆ. ನೊರೆ ಬರದಿದ್ದರೆ ಜಿಪ್ಸಂ ಅಥವಾ ಸಿಲಿಕಾ ಇರಬಹುದು, ಅದನ್ನು ಬಿಡಿಸುವುದು ಬಲು ಕಷ್ಟ. ಮೊದಲ ಮೆಂಬ್ರೇನ್ ಕಟ್ಟಿದ್ದರೆ ಕಾರಣ ಬೇರೆ: ಮಣ್ಣು, ಕಬ್ಬಿಣ ಅಥವಾ ಲೋಳೆ.

ಸುಣ್ಣ ಕೂರದಂತೆ ತಡೆಯುವ ಔಷಧಿ ಆಂಟಿಸ್ಕೇಲೆಂಟ್ ಖಾಲಿಯಾದ ಡ್ರಮ್ಮಿನ ಪಕ್ಕದಲ್ಲೇ ಪ್ಲಾಂಟ್ ಓಡುತ್ತಿರುವುದನ್ನು ಎಷ್ಟೋ ಕಡೆ ನೋಡಬಹುದು. ಲೆಕ್ಕ ಸುಲಭ. ಲೀಟರಿಗೆ 4 ಮಿಲಿಗ್ರಾಂನಂತೆ 2000 ಲೀಟರ್ ಒಳಹರಿವಿಗೆ ಗಂಟೆಗೆ 8 ಗ್ರಾಂ ಬೇಕು. 50 ಲೀಟರ್ ಆರ್‌ಒ ನೀರಿಗೆ 500 ಗ್ರಾಂ ಕಲಸಿ, ಡೋಸಿಂಗ್ ಪಂಪನ್ನು ಗಂಟೆಗೆ 800 ಮಿಲಿಗೆ ಇಡಿ. ದಿನಕ್ಕೆ ಎಂಟು ಗಂಟೆ ಓಡಿದರೆ ಒಂದು ವಾರ ಬರುತ್ತದೆ. ಅದಕ್ಕಿಂತ ಹೆಚ್ಚು ದಿನಕ್ಕೆ ಕಲಸಿಡಬೇಡಿ, ತೆಳು ಮಾಡಿದ ದ್ರಾವಣದಲ್ಲಿ ಲೋಳೆ ಬೆಳೆಯುತ್ತದೆ. ಇದು ಸೇರಬೇಕಾದ ಜಾಗ ಕಾರ್ಬನ್ ಫಿಲ್ಟರ್ ಆದ ಮೇಲೆ, 5 ಮೈಕ್ರಾನ್ ಕಾರ್ಟ್ರಿಜ್‌ಗೆ ಮುಂಚೆ.

ಯಾದಗಿರಿ ಕಡೆ ಗ್ರಾನೈಟ್ ನೆಲ, ಅಲ್ಲಿನ ತೊಂದರೆ ಫ್ಲೋರೈಡ್. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೆ 1.5 ಎಂದು ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಹೇಳುತ್ತದೆ. 3 ಮಿಲಿಗ್ರಾಂ ಇರುವ ನೀರನ್ನು ಈ ಮೆಂಬ್ರೇನ್ ಸುಲಭವಾಗಿ 0.2ರ ಆಸುಪಾಸಿಗೆ ಇಳಿಸುತ್ತದೆ, ಇದು ಇದರ ದೊಡ್ಡ ಗುಣ. ಆದರೆ ಟಿಡಿಎಸ್ ಪೆನ್ನು ಫ್ಲೋರೈಡನ್ನಾಗಲಿ ಆರ್ಸೆನಿಕ್ಕನ್ನಾಗಲಿ ತೋರಿಸುವುದಿಲ್ಲ. ಲ್ಯಾಬ್ ಪರೀಕ್ಷೆ ಬೇಕೇ ಬೇಕು. ನೀರು ಸಪ್ಪೆ ಎನ್ನುವವರಿಗಾಗಿ 10 ಶೇಕಡ ಬೋರ್ ನೀರು ಬೆರೆಸಬಹುದು: ಫ್ಲೋರೈಡ್ 0.5ರ ಹತ್ತಿರ, ಟಿಡಿಎಸ್ 240ರ ಹತ್ತಿರ ಬರುತ್ತದೆ. ಬೆರೆಸುವುದು ಯುವಿ ದೀಪಕ್ಕೆ ಮುಂಚೆಯೇ ಆಗಬೇಕು. ಬೋರ್‌ನಲ್ಲಿ ನೈಟ್ರೇಟ್ ಅಥವಾ ಆರ್ಸೆನಿಕ್ ಹೆಚ್ಚಿದ್ದರೆ ಬೆರೆಸುವ ಯೋಚನೆಯೇ ಬೇಡ.

ಬೀದರ್‌ನ ಕೆಂಪು ಜಂಬಿಟ್ಟಿಗೆಯ ನೆಲದಲ್ಲಿ ಬಕೆಟ್‌ನಲ್ಲಿ ಹಿಡಿದಿಟ್ಟ ನೀರು ರಾತ್ರಿ ಕಳೆಯುವುದರೊಳಗೆ ಕೆಂಪಾದರೆ, ಮೊದಲು ಗಾಳಿಯಾಡಿಸಿ ಕಬ್ಬಿಣವನ್ನು ಮರಳಿನಲ್ಲಿ ಹಿಡಿಯಿರಿ. ಇಲ್ಲವಾದರೆ ಮೊದಲ ಮೆಂಬ್ರೇನ್ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ.

ಕ್ಲೋರಿನ್ ಈ ಮೆಂಬ್ರೇನ್‌ನ ಶತ್ರು. ಪಂಚಾಯ್ತಿ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ ದಿನ ಕ್ಲೋರಿನ್ ಕಾರ್ಬನ್ ಫಿಲ್ಟರ್ ದಾಟಿ ಬರುತ್ತಿದೆಯೇ ಎಂದು ಕ್ಲೋರಿನ್ ಪತ್ತೆಹಚ್ಚುವ ಒಟಿಒ ಹನಿ ಹಾಕಿ ನೋಡಿ. ಹಳದಿ ಬಣ್ಣ ಕಂಡರೆ ಪ್ಲಾಂಟ್ ನಿಲ್ಲಿಸಿ, ಕಾರ್ಬನ್ ಬದಲಿಸಿ. ಕ್ಲೋರಿನ್ ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದು. ಕ್ಲೋರಿನ್ ತಿಂದ ಮೆಂಬ್ರೇನ್‌ನಲ್ಲಿ ನೀರಿನ ಹರಿವು ಏರುತ್ತದೆ, ಜೊತೆಗೆ ಟಿಡಿಎಸ್ ಕೂಡ ಏರುತ್ತದೆ. ಯಾವ ತೊಳೆತಕ್ಕೂ ಅದು ಸರಿಹೋಗದು. ಟಿಡಿಎಸ್ ಒಮ್ಮೆಲೇ ಜಿಗಿದರೆ ಮಾತ್ರ ಮೊದಲು ಜೋಡಣೆಯ ರಬ್ಬರ್ ಬಳೆ ಓ-ರಿಂಗ್ ನೋಡಿ. ಮೆಂಬ್ರೇನ್ ಕೂರಿಸುವ ಒಂದೊಂದು ಹೌಸಿಂಗ್‌ನ ನೀರನ್ನೂ ಬೇರೆ ಬೇರೆ ಹಿಡಿದು ಅಳೆದರೆ ಸೋರುವುದು ಯಾವುದೆಂದು ಗೊತ್ತಾಗುತ್ತದೆ. ಓ-ರಿಂಗ್‌ಗೆ ಗ್ಲಿಸರಿನ್ ಸವರಿ. ಗ್ರೀಸ್, ಎಣ್ಣೆ, ವ್ಯಾಸಲಿನ್ ಬೇಡ. ಮೆಂಬ್ರೇನಿನ ಹೊರಸುತ್ತಿನ ರಬ್ಬರ್ ಪಟ್ಟಿ ಬ್ರೈನ್ ಸೀಲ್‌ನ ತೆರೆದ ಬಾಯಿ ನೀರು ಒಳಬರುವ ಕಡೆಗೇ ಇರಬೇಕು.

ಹವಾಮಾನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನೀರಿನ ಬಿಸಿ ಒಂದು ಡಿಗ್ರಿ ಇಳಿದರೆ ಹರಿವು ಸುಮಾರು 3 ಶೇಕಡ ಇಳಿಯುತ್ತದೆ. ಡಿಸೆಂಬರ್‌ನಲ್ಲಿ ನೀರು ಕಡಿಮೆಯಾಯಿತೆಂದು ಒಳ್ಳೆಯ ಮೆಂಬ್ರೇನ್ ಬಿಸಾಡುವವರಿದ್ದಾರೆ. ಮೇ ತಿಂಗಳ ಕಲಬುರಗಿ ಬಿಸಿಲಿನಲ್ಲಿ ತೊಂದರೆ ತಿರುಗುಮುರುಗು: ಮಾಳಿಗೆಯ ಕಪ್ಪು ಸಿಂಟೆಕ್ಸ್ ಕಾದು, ನೀರು 45 ಡಿಗ್ರಿಯ ಮಿತಿಯ ಹತ್ತಿರ ಹೋಗುತ್ತದೆ. ಟ್ಯಾಂಕಿಗೆ ನೆರಳು ಮಾಡಿ, ಮಧ್ಯಾಹ್ನ ಬಿಟ್ಟು ಬೆಳಗಿನ ಜಾವ ಓಡಿಸಿ.

ಕರೆಂಟ್ ಹೋದಾಗ ಗಟ್ಟಿ ನೀರು ಮೆಂಬ್ರೇನ್‌ನೊಳಗೇ ನಿಲ್ಲುತ್ತದೆ. ಮತ್ತೆ ಶುರು ಮಾಡುವಾಗ ರಿಜೆಕ್ಟ್ ವಾಲ್ವ್ ಪೂರ್ತಿ ತೆರೆದು ಐದು ನಿಮಿಷ ಹರಿಸಿ, ಆಮೇಲೆ ನಿಧಾನ ಬಿಗಿಯಿರಿ. ಎರಡು ದಿನಕ್ಕಿಂತ ಹೆಚ್ಚು ಮುಚ್ಚುವುದಾದರೆ ಲೀಟರಿಗೆ 10 ಗ್ರಾಂ ಸೋಡಿಯಂ ಮೆಟಾಬೈಸಲ್ಫೈಟ್ ಕರಗಿಸಿ ತುಂಬಿಸಿಡಿ. ಹೊಸ ಮೆಂಬ್ರೇನ್ ಹಾಕಿದಾಗಲೂ ಮೊದಲ ಒಂದು ಗಂಟೆಯ ನೀರನ್ನು ಕುಡಿಯಲು ಕೊಡಬೇಡಿ.

ಅದೇ ಒತ್ತಡ, ಅದೇ ಬಿಸಿಯಲ್ಲಿ ಹರಿವು 10 ಶೇಕಡ ಇಳಿದರೆ ತೊಳೆಯುವ ಹೊತ್ತು. ಅರ್ಧಕ್ಕೆ ಇಳಿಯಲಿ ಎಂದು ಕಾದರೆ ಆಸಿಡ್ ಒಳಗೆ ಹೋಗಲು ದಾರಿಯೇ ಇರುವುದಿಲ್ಲ. ಸುಣ್ಣ, ಕಬ್ಬಿಣಕ್ಕೆ 100 ಲೀಟರ್ ಆರ್‌ಒ ನೀರಿಗೆ 2 ಕಿಲೋ ಸಿಟ್ರಿಕ್ ಆಸಿಡ್. ಲೋಳೆಗೆ ಅಷ್ಟೇ ನೀರಿಗೆ ಹೆಚ್ಚೆಂದರೆ 100 ಗ್ರಾಂ ಕಾಸ್ಟಿಕ್ ಸೋಡಾ, ಪಿಎಚ್ 12 ಮೀರದಂತೆ, 35 ಡಿಗ್ರಿ ಒಳಗೆ. ಒತ್ತಡ 4 ಬಾರ್ ಒಳಗಿಟ್ಟು ಅರ್ಧ ಗಂಟೆ ತಿರುಗಿಸಿ, ಒಂದು ಗಂಟೆ ನೆನೆಸಿ, ಮತ್ತೆ ತಿರುಗಿಸಿ. ಎರಡನ್ನೂ ಎಂದೂ ಕೂಡಿಸಬೇಡಿ, ನಡುವೆ ಚೆನ್ನಾಗಿ ತೊಳೆಯಿರಿ. ಕೈಗವಸು, ಕನ್ನಡಕ ಕಡ್ಡಾಯ.

ಕೊಳ್ಳುವಾಗ ಆಲ್ಕಲೈನ್, ಮಿನರಲ್ ಕಾರ್ಟ್ರಿಜ್‌ಗೆ ಕೊಡುವ ದುಡ್ಡನ್ನು ಎರಡು ಒಳ್ಳೆಯ ಪ್ರೆಷರ್ ಗೇಜ್‌ಗೆ, ಹರಿವು ಅಳೆಯುವ ಎರಡು ರೋಟಾಮೀಟರ್‌ಗೆ ಹಾಕಿ. ಮೆಂಬ್ರೇನ್‌ಗೆ ಮುಂಚಿನ, ಆಮೇಲಿನ ಒತ್ತಡ ಬರೆದಿಡದ ಪ್ಲಾಂಟ್‌ನಲ್ಲಿ ಯಾವ ಕಂಪನಿಯ ಮೆಂಬ್ರೇನೂ ಬಾಳುವುದಿಲ್ಲ. ರಿಜೆಕ್ಟ್ ನೀರನ್ನು ಶಾಲೆಯ ಶೌಚಾಲಯಕ್ಕೆ, ನೆಲ ತೊಳೆಯಲು ಕೊಡಿ. ದನಗಳ ತೊಟ್ಟಿಗೆ ಬಿಡಬೇಡಿ, ಯಾದಗಿರಿ ಕಡೆ ಅದರಲ್ಲಿ ಫ್ಲೋರೈಡ್ ಎರಡು ಪಟ್ಟು ಇರುತ್ತದೆ. ಬೋರ್ ಪಕ್ಕದ ಇಂಗುಗುಂಡಿಗಂತೂ ಸುತಾರಾಂ ಬೇಡ, ತೆಗೆದ ಉಪ್ಪೆಲ್ಲ ಅದೇ ಬೋರ್‌ಗೆ ಇಳಿದು ಮುಂದಿನ ವರ್ಷ ಇನ್ನೂ ಸವುಳಾಗಿ ಮೇಲೆ ಬರುತ್ತದೆ.