ರೋಮ್ ಮರಳಿ ಬಂತು, ನಾನು ದಕ್ಷಿಣದಲ್ಲೇ ಉಳಿದೆ

‘ಏಜ್ ಆಫ್ ಎಂಪೈರ್ಸ್ 2’ ಎಂಬ, ಊರು ಕಟ್ಟಿ ಸೈನ್ಯ ಬೆಳೆಸಿ ಕಾದುವ ಕಂಪ್ಯೂಟರ್ ಆಟದಲ್ಲಿ ದ್ರಾವಿಡರನ್ನು ಆರಿಸಿಕೊಂಡು ಎರಡನೆಯ ಯುಗಕ್ಕೆ ಕಾಲಿಟ್ಟ ಕ್ಷಣದಲ್ಲೇ ಉಗ್ರಾಣದ ಲೆಕ್ಕಕ್ಕೆ 200 ಕಟ್ಟಿಗೆ ಬಂದು ಸೇರುತ್ತದೆ. ಯಾರೂ ಕಡಿಯದ, ಯಾರೂ ಹೊತ್ತು ತರದ ಕಟ್ಟಿಗೆ. ಒಂದು ಹೊಲಕ್ಕೆ 60 ಬೇಕು, ಹಾಗಾಗಿ ಮೂರು ಹೊಲ ಹಾಕಬಹುದು. ಹತ್ತಿರದಲ್ಲಿ ನೀರಿದ್ದರೆ 150 ಕೊಟ್ಟು ಇನ್ನೊಂದು ಹಡಗುಕಟ್ಟೆ ಎಬ್ಬಿಸಬಹುದು. ಈ ಆಟ ಆಡದವರಿಗೆ ಇದು ಸಣ್ಣ ಸಂಗತಿ. ಸೈಬರ್ ಸೆಂಟರಿನ ಕಾಲದಿಂದ ಆಡುತ್ತ ಬಂದ ನನಗೆ ಆ 200 ಕಟ್ಟಿಗೆ ಸಿಕ್ಕ ದಿನ ಹಳೆಯ ಆಟವೇ ಹೊಸದಾಗಿ ಕಂಡಿತು. ಯಾವಾಗ ಏನು ಕಟ್ಟಬೇಕೆಂದು ಬೆರಳುಗಳಿಗೆ ಬಾಯಿಪಾಠವಾಗಿದ್ದ ಕ್ರಮವನ್ನೆಲ್ಲ ಮತ್ತೆ ಮೊದಲಿನಿಂದ ಯೋಚಿಸಬೇಕಾಯಿತು.

ಆ ಕಟ್ಟಿಗೆ ‘ಡೈನಾಸ್ಟೀಸ್ ಆಫ್ ಇಂಡಿಯಾ’ ಎಂಬ ಡಿಎಲ್‌ಸಿಯಲ್ಲಿ, ಅಂದರೆ ಹಣ ಕೊಟ್ಟು ಆಟಕ್ಕೆ ಸೇರಿಸಿಕೊಳ್ಳುವ ವಿಸ್ತರಣೆಯಲ್ಲಿ, ಬಂದ ದ್ರಾವಿಡರಿಗೆ ಸಿಗುವ ಸೌಲಭ್ಯ. ಈ ಆಟಕ್ಕೆ ಬಂದ ವಿಸ್ತರಣೆಗಳಲ್ಲಿ ನಾನು ಅತಿ ಹೆಚ್ಚು ಪ್ರೀತಿಸುವುದು ಅದನ್ನೇ. ಒಂದೇ ವಾರ ಆಡಿ ಮುಚ್ಚಿಟ್ಟದ್ದು ‘ರಿಟರ್ನ್ ಆಫ್ ರೋಮ್’ ಎಂಬುದನ್ನು. ಎರಡರ ನಡುವೆ ಒಂದು ವರ್ಷದ ಅಂತರವಷ್ಟೇ. ಮೊದಲನೆಯದು 2022ರ ಏಪ್ರಿಲ್ 28ರಂದು ಬಂತು, ಎರಡನೆಯದು 2023ರ ಮೇ 16ರಂದು. ಬಂದಾಗ ಬೆಲೆಯಲ್ಲಿ ದುಬಾರಿ ಎರಡನೆಯದೇ ಆಗಿತ್ತು: ಮೊದಲನೆಯದಕ್ಕೆ 9.99 ಡಾಲರ್, ಎರಡನೆಯದಕ್ಕೆ 14.99 ಡಾಲರ್.

ನನ್ನ ಪ್ರೀತಿಗೆ ಕಾರಣ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಈ ಆಟ ಹುಟ್ಟಿದ್ದು 1999ರಲ್ಲಿ, 13 ನಾಗರಿಕತೆಗಳೊಂದಿಗೆ, ಅಂದರೆ ಆಡುವವನು ತನ್ನದೆಂದು ಆರಿಸಿಕೊಳ್ಳುವ 13 ಜನಾಂಗಗಳೊಂದಿಗೆ. ಮರುವರ್ಷ ‘ದಿ ಕಾಂಕರರ್ಸ್’ ಇನ್ನೈದನ್ನು ಸೇರಿಸಿತು. ನಮ್ಮೂರಿನ ಸೈಬರ್ ಸೆಂಟರಿನ ಎಲ್ಲ ಕಂಪ್ಯೂಟರುಗಳಲ್ಲೂ ಇದ್ದದ್ದು ಅದೇ. ಗಂಟೆಗೆ ಇಷ್ಟು ಎಂದು ಹಣ ಕೊಟ್ಟು ನಾನೂ ತಮ್ಮನೂ ಪಕ್ಕಪಕ್ಕ ಕುಳಿತು ಆಡುತ್ತಿದ್ದೆವು. ಜಪಾನೀಯರು ಇದ್ದರು, ಮಂಗೋಲರು ಇದ್ದರು, ಅಜ್ಟೆಕರೂ ಇದ್ದರು. ನಾವು ಮಾತ್ರ ಇರಲಿಲ್ಲ. ಆನೆ ಬೇಕೆಂದರೆ ಪರ್ಷಿಯನ್ನರನ್ನು ಆರಿಸಿಕೊಳ್ಳಬೇಕಿತ್ತು. ‘ಭಾರತೀಯರು’ ಎಂಬ ಹೆಸರು ಆಟದೊಳಕ್ಕೆ ಬಂದದ್ದು 2013ರಲ್ಲಿ, ‘ದಿ ಫರ್ಗಾಟನ್’ ವಿಸ್ತರಣೆಯಲ್ಲಿ. ಬಂದರೂ ಹಿಮಾಲಯದಿಂದ ಕನ್ಯಾಕುಮಾರಿಯವರೆಗೆ ಒಂದೇ ನಾಗರಿಕತೆ, ಒಂಟೆಯ ದಳವೇ ಅದರ ದೊಡ್ಡ ಬಲ. ತುಂಗಭದ್ರೆಯ ದಂಡೆಯಲ್ಲಿ ಬೆಳೆದ ನಾನು ಆ ಒಂಟೆಗಳನ್ನು ಓಡಿಸುವಾಗಲೆಲ್ಲ ಬೇರೆಯವರ ಅಂಗಿ ತೊಟ್ಟುಕೊಂಡಂತೆ ಅನಿಸುತ್ತಿತ್ತು.

2022ರ ಡಿಎಲ್‌ಸಿ ಆ ಒಂದು ಗಂಟನ್ನು ಬಿಚ್ಚಿತು. ಹಳೆಯ ಭಾರತೀಯರು ಹಿಂದೂಸ್ತಾನಿಗಳಾದರು. ಬಂಗಾಳಿಗಳು, ಗುರ್ಜರರು, ದ್ರಾವಿಡರು ಹೊಸದಾಗಿ ಬಂದರು. ಅಲ್ಲಿಗೆ ಒಟ್ಟು ನಾಗರಿಕತೆಗಳು 42 ಆದವು. ಈ ನಾಲ್ವರೂ ಒಬ್ಬರ ಪಡಿಯಚ್ಚು ಇನ್ನೊಬ್ಬರಲ್ಲ ಎಂಬುದು ಆಡಿದ ಮೊದಲ ರಾತ್ರಿಯೇ ತಿಳಿಯಿತು. ಬಂಗಾಳಿಗಳು ಯುಗದಿಂದ ಯುಗಕ್ಕೆ ಏರಿದಾಗ ಇಬ್ಬರು ದುಡಿಯುವ ಆಳುಗಳು ತಾವಾಗಿಯೇ ಬಂದು ನಿಲ್ಲುತ್ತಾರೆ. ಅವರ ರಥ ದೂರದಿಂದ ಬಾಣ ಬಿಡುತ್ತದೆ, ಬೇಕೆಂದಾಗ ಹತ್ತಿರ ಹೋಗಿ ಹೊಡೆಯುತ್ತದೆ. ಗುರ್ಜರರು ಕುರಿಗಳನ್ನು ಕೊಲ್ಲದೆ ಗಿರಣಿಯೊಳಗೆ ಕೂಡಿಹಾಕಿದರೆ ಆಹಾರ ನಿಧಾನವಾಗಿ ಬರುತ್ತಲೇ ಇರುತ್ತದೆ. ಕುರಿ ಕಂಡೊಡನೆ ಕಡಿಯುವುದನ್ನೇ ಕಲಿತಿದ್ದ ನನಗೆ ಅದನ್ನು ಉಳಿಸಿಕೊಳ್ಳಬಹುದು ಎಂಬ ಯೋಚನೆಯೇ ಹೊಸದು. ಗುರ್ಜರರು ಮೊದಮೊದಲು ಅತಿ ಬಲಶಾಲಿಗಳಾಗಿದ್ದರು. ಅವರ ಶ್ರೀವಂಶ ಸವಾರರು ಬಾಣಗಳನ್ನು ಗುರಾಣಿಯಿಂದ ತಪ್ಪಿಸಿಕೊಂಡು ನುಗ್ಗಿದರೆ ನನ್ನ ಬಿಲ್ಲುಗಾರರ ಸಾಲು ಏನೂ ಮಾಡಲಾಗದೆ ನಿಂತಿರುತ್ತಿತ್ತು. ಮುಂದಿನ ಪರಿಷ್ಕರಣೆಗಳಲ್ಲಿ ಆ ಬಲವನ್ನು ತಗ್ಗಿಸಿದರು. ತಗ್ಗಿಸಿದ್ದು ಸರಿಯಾಯಿತು.

ದ್ರಾವಿಡರ ಬಗ್ಗೆ ಮಾತ್ರ ನಿಧಾನವಾಗಿ ಹೇಳಬೇಕು. ಅವರಿಗೆ ನೈಟ್ ಎಂಬ ಭಾರಿ ಕುದುರೆ ಸವಾರರೇ ಇಲ್ಲ. ಅರೇಬಿಯಾದಂಥ ಬಯಲು ನಕ್ಷೆಯಲ್ಲಿ ಇದು ದೊಡ್ಡ ಕೊರತೆ. ಅಲ್ಲಿ ನಾನು ಎಷ್ಟು ಸೋತಿದ್ದೇನೆ ಎಂಬುದಕ್ಕೆ ಲೆಕ್ಕವಿಲ್ಲ. ಆದರೆ ಆ ಸೋಲಿನಲ್ಲೂ ನನಗೆ ಒಪ್ಪಿಗೆಯಾಗುವ ಒಂದು ಸತ್ಯವಿದೆ. ದಕ್ಷಿಣದ ಅರಸರಿಗೆ ಒಳ್ಳೆಯ ಕುದುರೆ ಸಮುದ್ರ ದಾಟಿಯೇ ಬರಬೇಕಿತ್ತು. ವಿಜಯನಗರದವರು ಅರಬ್ಬೀ ಕುದುರೆಗಳಿಗಾಗಿ ಎಷ್ಟು ಹೊನ್ನು ಸುರಿದರೆಂಬುದನ್ನು ಹಂಪಿಗೆ ಶಾಲಾ ಪ್ರವಾಸ ಹೋದಾಗಲೇ ಕೇಳಿದ್ದೆ. ಆಟದ ಒಂದು ಕೊರತೆಯ ಹಿಂದೆ ಇಂಥ ಇತಿಹಾಸ ನಿಂತಿದ್ದರೆ ಸೋಲು ಕಹಿಯಾಗುವುದಿಲ್ಲ.

ಕುದುರೆಯ ಬದಲು ಅವರಿಗೆ ಕೊಟ್ಟಿರುವುದು ಕಾಲಾಳು, ಆನೆ ಮತ್ತು ಕಡಲು. ಉರುಮಿ ಎಂಬ ಬಳುಕುವ ಕತ್ತಿ ಹಿಡಿದ ಯೋಧ ಮೊದಲ ಬೀಸಿಗೆ ಸುತ್ತಲಿನವರನ್ನೆಲ್ಲ ಕತ್ತರಿಸುತ್ತಾನೆ, ಆಮೇಲೆ ಆ ಬಲ ಮತ್ತೆ ತುಂಬುವವರೆಗೆ ಸಾಧಾರಣ ಸೈನಿಕನಾಗಿರುತ್ತಾನೆ. ಬಾಣಗಳೆದುರು ಬೇಗ ಬೀಳುತ್ತಾನೆ. ಆದ್ದರಿಂದ ಎಲ್ಲಿ, ಯಾವ ಕ್ಷಣಕ್ಕೆ ಅವನನ್ನು ನುಗ್ಗಿಸಬೇಕೆಂಬ ಎಣಿಕೆಯಲ್ಲಿಯೇ ಆಟವಿದೆ. ಇವರ ಕೊನೆಯ ದೊಡ್ಡ ಸಂಶೋಧನೆ ‘ವೂಟ್ಸ್ ಸ್ಟೀಲ್’. ಅದನ್ನು ಪಡೆದರೆ ಕಾಲಾಳು ಮತ್ತು ಸವಾರರ ಹೊಡೆತಕ್ಕೆ ಎದುರಾಳಿಯ ಕವಚ ಲೆಕ್ಕಕ್ಕೇ ಬರುವುದಿಲ್ಲ. ‘ವೂಟ್ಸ್’ ಎಂಬುದು ನಮ್ಮ ‘ಉಕ್ಕು’ ಎಂಬ ಮಾತೇ ಯುರೋಪಿಯನ್ನರ ಬಾಯಲ್ಲಿ ತಿರುಚಿಕೊಂಡ ರೂಪ ಎಂದು ವಿದ್ವಾಂಸರು ಹೇಳುತ್ತಾರೆ. ಅದರ ಗುಂಡಿ ಒತ್ತುವಾಗಲೆಲ್ಲ ನಾನು ಬಾಯಿಬಿಟ್ಟು ‘ಉಕ್ಕು’ ಎಂದೇ ಹೇಳುತ್ತೇನೆ. ಇಪ್ಪತ್ತು ವರ್ಷ ಬೇರೆಯವರ ಆಯುಧಗಳ ಹೆಸರು ಕಲಿತವನಿಗೆ ಆ ಒಂದು ಮಾತು ಕೊಡುವ ಸಂತೋಷವನ್ನು ಹೇಗೆ ವಿವರಿಸಲಿ?

ಕೋಟೆ ಬಾಗಿಲು ಒಡೆಯುವ ಟಗರುಗಾಡಿ ಈ ನಾಲ್ವರಲ್ಲಿ ಯಾರಿಗೂ ಇಲ್ಲ. ಅದರ ಜಾಗಕ್ಕೆ ಕವಚ ತೊಟ್ಟ ಆನೆ ಬಂದಿದೆ. ತಮ್ಮ ಈಗ ಹೈದರಾಬಾದಿನಲ್ಲಿ ಕೆಲಸದಲ್ಲಿದ್ದಾನೆ. ಈ ಆನೆಯನ್ನು ಮೊದಲು ಆಡಿದ ವಾರವೇ ಅವನು ಗೋಲ್ಕೊಂಡದ ಫತೇ ದರ್ವಾಜಾಕ್ಕೆ ಹೋಗಿ, ಬಾಗಿಲಿನ ಕಬ್ಬಿಣದ ಮುಳ್ಳುಗಳ ಚಿತ್ರ ತೆಗೆದು ಕಳಿಸಿದ. “ಅಣ್ಣ, ಈ ಮುಳ್ಳು ಯಾರಿಗೆ ಎಂದು ಈಗ ಗೊತ್ತಾಯಿತು” ಎಂದು ಬರೆದಿದ್ದ. ಆನೆಯ ಹಣೆಗೆ ಚುಚ್ಚಲೆಂದು ಇಟ್ಟ ಮುಳ್ಳುಗಳವು. ಚಿಕ್ಕಂದಿನಿಂದ ಕೋಟೆಗಳಲ್ಲಿ ನೋಡಿ ಮುಂದೆ ಹೋಗುತ್ತಿದ್ದದ್ದನ್ನು ಒಂದು ಆಟ ನಿಂತು ನೋಡುವಂತೆ ಮಾಡಿತು.

ಈಗ ರೋಮ್. ಅದನ್ನು ಕೊಳ್ಳುವಾಗ ನನಗೆ ನಿಜವಾದ ಆಸೆಯಿತ್ತು. 1997ರ ಮೊದಲ ‘ಏಜ್ ಆಫ್ ಎಂಪೈರ್ಸ್’ ಆಟದ ಪ್ರಾಚೀನ ಜಗತ್ತನ್ನು, ಈಜಿಪ್ಟ್, ಗ್ರೀಸ್, ಬ್ಯಾಬಿಲೋನ್ ಎಲ್ಲವನ್ನೂ ಎರಡನೆಯ ಆಟದ ಯಂತ್ರದೊಳಗೆ ತಂದು ಕೂರಿಸಿದ್ದರು. ಹಳೆಯ 16 ನಾಗರಿಕತೆಗಳ ಜೊತೆಗೆ ಪ್ರಾಚೀನ ವಿಯೆಟ್ನಾಮಿನ ಲಾಕ್ ವಿಯೆಟ್ ಎಂಬ ಹೊಸದೊಂದು. ಶತ್ರುವನ್ನು ತನ್ನ ಕಡೆಗೆ ಸೆಳೆಯುವ ಅರ್ಚಕನ ‘ವೊಲೊಲೊ’ ಕೂಗು ಕಿವಿಗೆ ಬಿದ್ದಾಗ ಮೈ ಜುಮ್ಮೆಂದಿತು. ಕೋಟೆಗೆ ಬಾಗಿಲು ಬಂದಿತ್ತು, ಸೈನ್ಯ ಸಾಲಾಗಿ ನಡೆಯುತ್ತಿತ್ತು. ಹಳೆಯ ಆಟದ ಒರಟುತನವೆಲ್ಲ ಸವೆದು ನಯವಾಗಿತ್ತು. ಟ್ರೇಜನ್ ಚಕ್ರವರ್ತಿಯ ಅಭಿಯಾನವನ್ನು, ಅಂದರೆ ಅವನ ಕಥೆ ಹೇಳುವ ಯುದ್ಧಗಳ ಸರಣಿಯನ್ನು, ನಾನು ಪೂರ್ತಿ ಆಡಿದೆ, ಚೆನ್ನಾಗಿಯೇ ಇತ್ತು.

ತೊಂದರೆ ಇರುವುದು ಅದು ನಿಂತ ಜಾಗದಲ್ಲಿ. ಮುಖ್ಯ ಪರದೆಯಿಂದಲೇ ಅದಕ್ಕೆ ಬೇರೆ ಬಾಗಿಲು. ಆ ಬಾಗಿಲು ದಾಟಿ ಹೋದರೆ ಇನ್ನೊಂದು ಆಟ. ಅಲ್ಲಿನ ಈಜಿಪ್ಟಿನವರು ಇಲ್ಲಿನ ಬೈಜಾಂಟಿಯನ್ನರನ್ನು ಎಂದೂ ಎದುರಿಸುವುದಿಲ್ಲ. ಅಲ್ಲಿ ಕಲಿತದ್ದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಮೊದಲ ಆಟದ ಹಳೆಯ ಅಭಿಯಾನಗಳಲ್ಲಿ ಹೆಚ್ಚಿನವು ಬಿಡುಗಡೆಯ ದಿನ ಅದರಲ್ಲಿ ಇರಲಿಲ್ಲ. ಬಾಲ್ಯವನ್ನು ಹುಡುಕಿಕೊಂಡು ಹೋದವನಿಗೆ ಬಾಲ್ಯದ ಅರ್ಧವೇ ಸಿಕ್ಕಿತು. ಎರಡನೆಯ ಆಟಕ್ಕೆಂದು ಅದರಲ್ಲಿ ಬಂದ ಹೊಸ ನಾಗರಿಕತೆ ರೋಮನ್ನರು ಮಾತ್ರ. ಅವರನ್ನೂ ಮೊದಲಿಗೆ ಶ್ರೇಯಾಂಕದ ಪಂದ್ಯಗಳಿಗೆ ಬಿಡಲಿಲ್ಲ, ಬಿಟ್ಟದ್ದು ಆಮೇಲೆ. ಅವರ ಕಾಲಾಳು ಲೀಜನರಿ ಮತ್ತು ಸವಾರ ಸೆಂಚುರಿಯನ್‌ಗಳನ್ನು ಆಡಲು ನನಗೆ ಇಷ್ಟವೇ. ಸೆಂಚುರಿಯನ್ ಜೊತೆಗಿದ್ದರೆ ಕಾಲಾಳುಗಳು ಚುರುಕಾಗುವುದು ಅಚ್ಚುಕಟ್ಟಾದ ಕಲ್ಪನೆ. ಆದರೆ ಒಂದು ನಾಗರಿಕತೆಗಾಗಿ ಒಂದೂವರೆ ಪಟ್ಟು ಬೆಲೆ ಎಂಬುದು ನನ್ನ ಮನಸ್ಸಿಗೆ ಇಂದಿಗೂ ಒಗ್ಗಿಲ್ಲ. ಅದನ್ನು ಆಡಿದ ಆ ಒಂದು ವಾರದಲ್ಲಿ ತಮ್ಮನನ್ನು ಕರೆದಾಗ ಅವನು ನೇರವಾಗಿ ಕೇಳಿದ: “ಅಣ್ಣ, ಅಲ್ಲಿಗೆ ಯಾಕೆ ಹೋಗಬೇಕು? ನಾವಿರುವ ಆಟ ಇಲ್ಲೇ ಇದೆಯಲ್ಲ.” ನನ್ನ ಬಳಿ ಉತ್ತರವಿರಲಿಲ್ಲ.

ವಿಸ್ತರಣೆ ಎಂದರೆ ಮನೆಗೆ ಸೊಸೆ ಬಂದಂತಿರಬೇಕು ಎಂದು ನನಗನಿಸುತ್ತದೆ. ಅಡುಗೆಯ ರುಚಿ ಬದಲಾಗಬೇಕು, ಹಳಬರು ಸ್ವಲ್ಪ ಸರಿದು ಕೂರಬೇಕು, ಮನೆಯ ಮಾತಿಗೆ ಹೊಸ ಪದಗಳು ಸೇರಬೇಕು. ಭಾರತದ ಡಿಎಲ್‌ಸಿ ಕೊಳ್ಳದವನ ಆಟವೂ ಬದಲಾಯಿತು. ಅವನ ಎದುರಿಗೆ ಶ್ರೀವಂಶ ಸವಾರ ಬಂದೇ ಬರುತ್ತಾನೆ, ಅವನು ಅದಕ್ಕೆ ಉತ್ತರ ಹುಡುಕಲೇಬೇಕು. ರೋಮಿನ ಡಿಎಲ್‌ಸಿ ಬೀದಿಯಾಚೆ ಬೇರೆ ಮನೆ ಮಾಡಿತು. ಆ ಮನೆ ಚೆಂದವಾಗಿಯೇ ಇದೆ, ಆದರೆ ಅಲ್ಲಿ ಜನವಿಲ್ಲ. ಸಂಜೆ ಹೊತ್ತು ಜೊತೆಗೆ ಆಡುವವರನ್ನು ಹುಡುಕುತ್ತ ಕಾದು ಕುಳಿತು ನಾನು ಎಷ್ಟೋ ಸಲ ಹಿಂತಿರುಗಿ ಬಂದಿದ್ದೇನೆ.

ಉಳಿದವುಗಳನ್ನೂ ಆಡಿದ್ದೇನೆ. 2021ರ ಜನವರಿಯ ‘ಲಾರ್ಡ್ಸ್ ಆಫ್ ದಿ ವೆಸ್ಟ್’ನಲ್ಲಿ ಬರ್ಗಂಡಿಯವರ ‘ಫ್ಲೆಮಿಶ್ ರೆವಲ್ಯೂಷನ್’ ಎಂಬ ಒಂದು ಗುಂಡಿಗಾಗಿಯೇ ಅದನ್ನು ಕೊಳ್ಳಬಹುದು. ಒತ್ತಿದರೆ ದುಡಿಯುವ ಎಲ್ಲ ಆಳುಗಳೂ ಒಮ್ಮೆಲೇ ಯೋಧರಾಗುತ್ತಾರೆ. ದುಡಿಯಲು ಯಾರೂ ಉಳಿಯುವುದಿಲ್ಲ, ಗೆಲ್ಲುವುದೊಂದೇ ದಾರಿ. ಅದೇ ವರ್ಷದ ‘ಡಾನ್ ಆಫ್ ದಿ ಡ್ಯೂಕ್ಸ್’ನಲ್ಲಿ ಬೊಹೆಮಿಯದ ಯಾನ್ ಜಿಜ್ಕಾನ ಅಭಿಯಾನವಿದೆ. ಕಣ್ಣು ಕಳೆದುಕೊಂಡ ಮೇಲೂ ಸೈನ್ಯ ನಡೆಸಿದ ಆ ಮನುಷ್ಯನ ಕಥೆ ನನ್ನನ್ನು ಎರಡು ರಾತ್ರಿ ಮಲಗಗೊಡಲಿಲ್ಲ. 2024ರ ‘ವಿಕ್ಟರ್ಸ್ ಆ್ಯಂಡ್ ವ್ಯಾಂಕ್ವಿಶ್ಡ್’ನಲ್ಲಿ 19 ಸನ್ನಿವೇಶಗಳಿವೆ. ಹೆಚ್ಚಿನವು ಅಭಿಮಾನಿಯೊಬ್ಬರು ಮೊದಲು ಉಚಿತವಾಗಿ ಹಂಚಿದ್ದವೇ, ತಿದ್ದಿ ತೀಡಿದ ರೂಪದಲ್ಲಿ. ಕೆಲಸ ಒಳ್ಳೆಯದು, ಆದರೆ ಮೊದಲೇ ಆಡಿದವರು ಕೊಳ್ಳುವ ಅಗತ್ಯವಿಲ್ಲ.

ಪ್ರೀತಿಸುವ ಡಿಎಲ್‌ಸಿಯ ಬಗ್ಗೆ ಒಂದು ನೋವನ್ನೂ ಹೇಳಬೇಕು. ಅದರಲ್ಲಿರುವ ಮೂರು ಅಭಿಯಾನಗಳು ಬಾಬರ್, ದೇವಪಾಲ ಮತ್ತು ರಾಜೇಂದ್ರ ಚೋಳರದು. ಫರ್ಗಾನಾದಿಂದ ಹೊರಟ ಬಾಬರನದು ಸೊಗಸಾಗಿದೆ. ಆದರೆ ರಾಜೇಂದ್ರನದನ್ನು ನಾನು ಬೇರೆಯೇ ಮನಸ್ಥಿತಿಯಲ್ಲಿ ಆಡಿದೆ. ಹಡಗುಗಳ ಸಾಲು ಸುಮಾತ್ರದ ಶ್ರೀವಿಜಯ ರಾಜ್ಯದತ್ತ ಹೊರಟಾಗ ಯಾವ ದಕ್ಷಿಣದವನ ಎದೆಯೂ ಉಬ್ಬುತ್ತದೆ. 1025ರ ಆ ದಂಡಯಾತ್ರೆಯ ಸಾಹಸ ಅಂಥದು. ಆದರೆ ಅದೇ ಅಭಿಯಾನದಲ್ಲಿ ಶತ್ರುಗಳಾಗಿ ನಿಂತವರು ಚಾಲುಕ್ಯರು. ನಮ್ಮವರು. ನನ್ನದೇ ಕೈಯಿಂದ ಅವರ ಊರುಗಳಿಗೆ ಬೆಂಕಿ ಇಡಬೇಕು.

ಹೊಟ್ಟೂರಿನ 1007ರ ಶಾಸನವನ್ನು ಓದಿದವರಿಗೆ ಈ ಕಥೆಯ ಇನ್ನೊಂದು ಬದಿ ಗೊತ್ತು. ಚೋಳರು ಒಂಬತ್ತು ಲಕ್ಷ ಸೈನ್ಯದೊಡನೆ ದೋನೂರಿನವರೆಗೆ ಬಂದು, ನಾಡನ್ನು ಸೂರೆಗೈದು, ಹೆಂಗಸರು ಮಕ್ಕಳೆನ್ನದೆ ಕೊಂದರೆಂದು ಅದು ದುಃಖದಿಂದ ಹೇಳುತ್ತದೆ. ಅವರನ್ನು ಹಿಮ್ಮೆಟ್ಟಿಸಿದ ಚಾಲುಕ್ಯ ದೊರೆ ಸತ್ಯಾಶ್ರಯನನ್ನು ‘ತಿಗುಳಮಾರಿ’, ಅಂದರೆ ತಮಿಳರ ಪಾಲಿನ ಮಾರಿ, ಎಂದು ಹೊಗಳುತ್ತದೆ. ಒಂಬತ್ತು ಲಕ್ಷ ಎಂಬುದು ಶಾಸನಕವಿಯ ಉತ್ಪ್ರೇಕ್ಷೆ ಇರಬಹುದು, ನೋವು ಮಾತ್ರ ಉತ್ಪ್ರೇಕ್ಷೆಯಲ್ಲ. ಆಟದಲ್ಲಿ ಚೋಳರೂ ಚಾಲುಕ್ಯರೂ ‘ದ್ರಾವಿಡರು’ ಎಂಬ ಒಂದೇ ಹೆಸರಿನ ಕೆಳಗೆ ಬರಬೇಕು. ಆ ಹೆಸರಿನ ಸೈನಿಕರೆಲ್ಲ ತಮಿಳಿನಲ್ಲೇ ಉತ್ತರಿಸುತ್ತಾರೆ. ತಮಿಳು ಕಿವಿಗೆ ಬಿದ್ದಾಗ ನನಗೆ ಸಂತೋಷವೇ, ಅದು ಪಕ್ಕದ ಮನೆಯ ಮಾತು. ಆದರೆ ಒಬ್ಬ ಸೈನಿಕನಾದರೂ ‘ಅಪ್ಪಣೆ’ ಎಂದು ಕನ್ನಡದಲ್ಲಿ ಹೇಳಲಿ ಎಂದು ಕಾಯುವ ಮನಸ್ಸನ್ನು ಅಡಗಿಸಲು ನನಗೆ ಆಗಿಲ್ಲ.

ಕಳೆದ ದೀಪಾವಳಿಗೆ ತಮ್ಮ ಊರಿಗೆ ಬಂದಾಗ ಇಬ್ಬರೂ ಸೇರಿ ಆಟದ ಸನ್ನಿವೇಶ ರಚಿಸುವ ಸಾಧನ ತೆರೆದೆವು. ಕಾಗಿಣಾ ನದಿ ಹರಿಸಿದೆವು, ಅದರ ದಂಡೆಗೆ ಸತ್ಯಾಶ್ರಯನ ರಾಜಧಾನಿ ಮಾನ್ಯಖೇಟದ ಗೋಡೆ ಎಬ್ಬಿಸಿದೆವು. ದಕ್ಷಿಣದ ಅಂಚಿನಲ್ಲಿ ಚೋಳರ ಬೀಡು, ನಡುವೆ ದೋನೂರು. ಸತ್ಯಾಶ್ರಯನ ಪಡೆಗೆ ಯಾವ ನಾಗರಿಕತೆ ಕೊಡುವುದು ಎಂಬಲ್ಲಿ ಕೆಲಸ ನಿಂತಿತು. ದ್ರಾವಿಡರನ್ನು ಕೊಟ್ಟರೆ ಮಾತು ತಮಿಳಾಗುತ್ತದೆ, ಭಾರಿ ಕುದುರೆ ಸವಾರರೂ ಇರುವುದಿಲ್ಲ. ಗುರ್ಜರರನ್ನು ಕೊಟ್ಟರೆ ಒಂಟೆ ಬರುತ್ತದೆ. “ಆನೆ ಬೇಕೇ ಬೇಕು ಅಣ್ಣ, ಉಕ್ಕೂ ಬೇಕು” ಎಂದು ತಮ್ಮ ಪಟ್ಟು ಹಿಡಿದ. ಕೊನೆಗೆ ದ್ರಾವಿಡರನ್ನೇ ಇಟ್ಟು, ಕೋಟೆಯ ಹೆಬ್ಬಾಗಿಲ ಬಳಿ ನಲವತ್ತು ನೈಟ್‌ಗಳನ್ನು ನಾವೇ ಕೈಯಾರೆ ನಿಲ್ಲಿಸಿದೆವು. ಸಮುದ್ರ ದಾಟಿ ಬಂದ ಕುದುರೆಗಳು ಎಂದು ಆರಂಭದ ಸೂಚನೆಯಲ್ಲಿ ಕನ್ನಡದಲ್ಲೇ ಬರೆದೆವು.