ಅನೇಕ್ ಕನ್ನಡ: ಆರ್ಟ್ ಡೈರೆಕ್ಟರ್ ಆಗಲು ಹೊರಟವರು ಮೊದಲು ಪಳಗಿಸಬೇಕಾದ ಫಾಂಟ್

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಮದುವೆ ಕಾರ್ಡು, ಯಕ್ಷಗಾನದ ಕರಪತ್ರ, ಜೇನಿನ ಬಾಟಲಿಯ ಲೇಬಲ್ಲು ಎಲ್ಲಕ್ಕೂ ಬಹಳ ಸಲ ಒಂದೇ ಬಗೆಯ ಅಕ್ಷರ. ಯಾವುದು ದೊಡ್ಡದಾಗಬೇಕು, ಯಾವುದು ಹಿಂದೆ ಸರಿಯಬೇಕು ಎಂದು ಯಾರೂ ಕೂತು ಯೋಚಿಸಿಲ್ಲ ಎಂಬುದು ಅಲ್ಲೇ ಗೊತ್ತಾಗುತ್ತದೆ. ಆ ತೀರ್ಮಾನ ಮಾಡುವುದೇ ಆರ್ಟ್ ಡೈರೆಕ್ಟರ್ ಕೆಲಸ. ಸಾಫ್ಟ್‌ವೇರ್ ಓಡಿಸಲು ಡಿಸೈನರ್ ಸಾಕು. ನೋಡುವವನ ಕಣ್ಣು ಮೊದಲು ಎಲ್ಲಿ ನಿಲ್ಲಬೇಕು, ಚಿತ್ರ ಎಷ್ಟು ಹೇಳಬೇಕು, ಮಾತು ಎಷ್ಟು ಹೇಳಬೇಕು ಎಂದು ಜಾಹೀರಾತಿನ ಮಾತು ಬರೆಯುವ ಕಾಪಿರೈಟರ್ ಜೊತೆ ಕೂತು ನಿರ್ಧರಿಸಿ, ಅದಕ್ಕೆ ಜವಾಬ್ದಾರಿ ಹೊರುವವರು ಆರ್ಟ್ ಡೈರೆಕ್ಟರ್. ಕನ್ನಡದಲ್ಲಿ ಇದನ್ನು ಅಭ್ಯಾಸ ಮಾಡಲು ಅನೇಕ್ ಕನ್ನಡದಷ್ಟು ಅನುಕೂಲದ ಫಾಂಟ್ ಬೇರೆ ಕಡಿಮೆ.

ಇದು ಫಾಂಟ್ ತಯಾರಿಸುವ ಏಕ್ ಟೈಪ್ ಸಂಸ್ಥೆ 2022ರಲ್ಲಿ ಹೊರತಂದದ್ದು. ಗೂಗಲ್ ಫಾಂಟ್ಸ್‌ನಲ್ಲಿ ಉಚಿತ, ವ್ಯಾಪಾರಿ ಕೆಲಸಕ್ಕೂ ಬಳಸಬಹುದು. 8 ತೂಕ (ಗೆರೆಯ ದಪ್ಪ), 5 ಅಗಲ, ಅಂದರೆ ಒಂದೇ ಕುಟುಂಬದಲ್ಲಿ 40 ರೂಪಗಳು. ಎಲ್ಲ ರೂಪಗಳೂ ಒಂದರಲ್ಲೇ ಇರುವ ವೇರಿಯಬಲ್ ಫೈಲಿನಲ್ಲಿ ತೂಕವನ್ನು 100ರಿಂದ 800ರವರೆಗೆ, ಅಗಲವನ್ನು 75ರಿಂದ 125ರವರೆಗೆ ಬೇಕಾದಲ್ಲಿ ನಿಲ್ಲಿಸಬಹುದು.

ನಿಜವಾದ ಲಾಭ ಈ ಅಗಲದ್ದೇ. 60 ಮಿ.ಮೀ. ಲೇಬಲ್ಲಿನಲ್ಲಿ ‘ಅಪ್ಪೆಮಿಡಿ ಉಪ್ಪಿನಕಾಯಿ’ ಎಂದು ಒಂದೇ ಸಾಲಿನಲ್ಲಿ ಕೂರಿಸಬೇಕೆಂದರೆ ಹೆಚ್ಚಿನವರು ಅಕ್ಷರವನ್ನೇ ಅಡ್ಡಕ್ಕೆ ಹಿಂಡುತ್ತಾರೆ. ಆಗ ನಿಂತ ಗೆರೆ ಸಣಕಲಾಗಿ, ಮಲಗಿದ ಗೆರೆ ದಪ್ಪವಾಗಿಯೇ ಉಳಿದು, ಅಕ್ಷರದ ರೂಪ ಕೆಡುತ್ತದೆ. ಅನೇಕ್‌ನ ಕಂಡೆನ್ಸ್ಡ್, ಅಂದರೆ ಕಿರಿದಾದ, ರೂಪವನ್ನು ಬೇರೆಯಾಗಿಯೇ ಬರೆದಿರುವುದರಿಂದ ಗೆರೆಗಳ ದಪ್ಪ ಹದವಾಗಿರುತ್ತದೆ. ಯಾವ ಫಾಂಟನ್ನೇ ಪರೀಕ್ಷಿಸಲಿ, ‘ಸ್ವರ್ಣವಲ್ಲಿ’, ‘ಗೋಕರ್ಣ’, ‘ಉತ್ತರ ಕನ್ನಡ’ ಈ ಮೂರನ್ನು ಟೈಪಿಸಿ ನೋಡಿ. ಅರ್ಕಾವತ್ತು, ಒತ್ತು, ಗುಡಿಸು ಎಲ್ಲದರ ಬಂಡವಾಳ ಬಯಲಾಗುತ್ತದೆ. ಈ ಪರೀಕ್ಷೆಯಲ್ಲಿ ಅನೇಕ್ ಚೆನ್ನಾಗಿ ಪಾಸಾಗುತ್ತದೆ.

ಕಾರವಾರದ ಕಡೆ ಕೆಲಸ ಮಾಡುವವರಿಗೆ ಇನ್ನೊಂದು ಅನುಕೂಲ: ಇದೇ ಕುಟುಂಬದಲ್ಲಿ ದೇವನಾಗರಿಯೂ ಇದೆ. ಕನ್ನಡ ಮತ್ತು ದೇವನಾಗರಿ ಕೊಂಕಣಿ ಎರಡೂ ಇರುವ ಫಲಕದಲ್ಲಿ ಎರಡು ಲಿಪಿಗಳ ತೂಕ ಹೊಂದಿಸಲು ಒದ್ದಾಡಬೇಕಿಲ್ಲ.

ಈಗ ಕೈಕೊಡುವ ಜಾಗಗಳು. ಕಂಡೆನ್ಸ್ಡ್ ಎಕ್ಸ್‌ಟ್ರಾ ಬೋಲ್ಡನ್ನು (ಅತಿ ದಪ್ಪ ತೂಕ) 9 ಪಾಯಿಂಟಿಗಿಂತ ಕೆಳಗೆ ಇಳಿಸಬೇಡಿ. ಒತ್ತಿನ ಒಳಗಿನ ಸಣ್ಣ ಬಿಳಿ ಜಾಗಕ್ಕೆ ಶಾಯಿ ಹರಿದು ತುಂಬಿಕೊಳ್ಳುತ್ತದೆ, ನ್ಯೂಸ್‌ಪ್ರಿಂಟ್ ಕಾಗದದಲ್ಲಂತೂ ಇನ್ನೂ ಹೆಚ್ಚು. ಸಣ್ಣ ಅಕ್ಷರಕ್ಕೆ ಸಾಮಾನ್ಯ ಅಗಲದ ಮೀಡಿಯಂ ತೂಕ ಸಾಕು, ಬಣ್ಣ ಬರೀ ಕಪ್ಪು ಶಾಯಿ ಶೇ. 100 ಇರಲಿ. ನಾಲ್ಕು ಬಣ್ಣ ಸೇರಿಸಿದ ಕಪ್ಪು ಕೊಟ್ಟರೆ ಪ್ಲೇಟು ಕೂದಲೆಳೆಯಷ್ಟು ಸರಿದರೂ ಅಕ್ಷರದ ಅಂಚಿನಲ್ಲಿ ಬಣ್ಣ ಇಣುಕುತ್ತದೆ.

ಎರಡನೆಯದು, ವಿನ್ಯಾಸದ ಸಾಫ್ಟ್‌ವೇರ್ ಕೋರೆಲ್‌ಡ್ರಾದ ಹಳೆಯ ಆವೃತ್ತಿ. ಅದರಲ್ಲಿ ಯುನಿಕೋಡ್ ಒತ್ತುಗಳು ಚೆಲ್ಲಾಪಿಲ್ಲಿಯಾಗುತ್ತವೆ, ವೇರಿಯಬಲ್ ಫೈಲ್ ಸರಿಯಾಗಿ ತೆರೆಯುವುದೂ ಇಲ್ಲ. ಪ್ರೆಸ್ಸಿಗೆ ಕೊಡುವ ಮೊದಲು ನಿಮ್ಮಲ್ಲೇ ಅಕ್ಷರವನ್ನು ಕರ್ವ್ಸ್‌ಗೆ (ಟೈಪಿಸಿದ ಅಕ್ಷರದ ಬದಲು ಬರೀ ಗೆರೆಗಳ ಚಿತ್ರ) ಬದಲಿಸಿ, ಕಾಗದ ಕತ್ತರಿಸುವ ಅಂಚಿನಾಚೆಗೆ 3 ಮಿ.ಮೀ. ಬ್ಲೀಡ್ ಇಟ್ಟು ಪಿಡಿಎಫ್ ಕೊಡಿ. ವೇರಿಯಬಲ್ ಫಾಂಟ್ ಕರ್ವ್ಸ್ ಆದಾಗ ಗೆರೆಗಳು ಒಂದರ ಮೇಲೊಂದು ಬಿದ್ದಿರುವುದು ಉಂಟು. ಹೊರಗೆರೆ ಹಾಕಿದ ಕೂಡಲೇ ಅಕ್ಷರದ ಹೊಟ್ಟೆಯೊಳಗೆ ಅಡ್ಡಗೆರೆ ಕಾಣಿಸುತ್ತದೆ. ಆ ಗೆರೆಗಳನ್ನು ಒಂದಾಗಿಸುವ ವೆಲ್ಡ್ ಅಥವಾ ಯುನೈಟ್ ಮಾಡಿದರೆ ಸರಿಹೋಗುತ್ತದೆ. ತಿದ್ದಬಹುದಾದ ಮೂಲ ಫೈಲನ್ನು ಮಾತ್ರ ಬೇರೆಯೇ ಉಳಿಸಿಕೊಳ್ಳಿ, ಕರ್ವ್ಸ್ ಆದಮೇಲೆ ಕಾಗುಣಿತ ತಪ್ಪು ತಿದ್ದಲು ಆಗುವುದಿಲ್ಲ. ಇನ್‌ಡಿಸೈನ್ (ಪುಟ ವಿನ್ಯಾಸದ ಸಾಫ್ಟ್‌ವೇರ್) ಬಳಸುವವರು ಅದರಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆರಿಸಿರಬೇಕು, ಇಲ್ಲದಿದ್ದರೆ ಒತ್ತು ಒಡೆಯುತ್ತದೆ.

ಸಾಲಿನ ಅಂತರ: ಓದುವ ಪಠ್ಯಕ್ಕೆ ಅಕ್ಷರದ ಗಾತ್ರದ ಒಂದೂವರೆಪಟ್ಟು ಹತ್ತಿರ ಕೊಡಿ. ತಲೆಬರಹವನ್ನು ಬಿಗಿ ಮಾಡುವಾಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಗುದ್ದುತ್ತದೆಯೇ ನೋಡಿ. ಗುದ್ದಿದರೆ ಅಂತರ ಹಿಗ್ಗಿಸುವ ಮೊದಲು ಸಾಲು ಮುರಿಯುವ ಜಾಗ ಬದಲಿಸಿ ನೋಡಿ.

ಸ್ವಭಾವದಲ್ಲಿ ಇದು ತಟಸ್ಥ ಫಾಂಟ್. ಸಹಕಾರಿ ಸಂಘದ ಜಾಹೀರಾತು, ಲೇಬಲ್, ಫಲಕಗಳಿಗೆ ಒಪ್ಪುತ್ತದೆ. ಶಿರಸಿಯ ಮಾರಿಕಾಂಬಾ ಜಾತ್ರೆಯ ಪೋಸ್ಟರಿಗೆ ತಲೆಬರಹವನ್ನು ಕೈಯಲ್ಲೇ ಬರೆಸಿ, ವಿವರಗಳಿಗಷ್ಟೇ ಇದನ್ನು ಇಡುವುದು ಒಳ್ಳೆಯದು. ಪುಸ್ತಕದ ಒಳಪುಟಕ್ಕೆ ಟೀರೊ ಕನ್ನಡ ಎಂಬ ಫಾಂಟ್ ಇದಕ್ಕಿಂತ ಹಿತ.

ಪೋರ್ಟ್‌ಫೋಲಿಯೊಗೆ (ಕೆಲಸ ಕೇಳುವಾಗ ತೋರಿಸುವ ಮಾದರಿಗಳ ಸಂಗ್ರಹ) ಇದನ್ನು ಹೀಗೆ ಬಳಸಿ: ಸ್ಥಳೀಯ ಸರಕೊಂದನ್ನು ಆರಿಸಿ, ಅಂಕೋಲೆಯ ಕರಿ ಇಶಾಡ್ ಮಾವು ಎಂದಿಟ್ಟುಕೊಳ್ಳಿ. ಒಂದೇ ಯೋಚನೆಯನ್ನು ಲೇಬಲ್, ಪತ್ರಿಕೆ ಜಾಹೀರಾತು, ಹೆದ್ದಾರಿ ಫಲಕ ಮೂರಕ್ಕೂ ಒಗ್ಗಿಸಿ. ಫಲಕಕ್ಕೆ ರೂಢಿಯ ಲೆಕ್ಕ, ಪ್ರತಿ 10 ಅಡಿ ದೂರಕ್ಕೆ 1 ಇಂಚು ಎತ್ತರದ ಅಕ್ಷರ. ಹೆದ್ದಾರಿ 66ರಲ್ಲಿ ಗಂಟೆಗೆ 60 ಕಿ.ಮೀ. ವೇಗದ ವಾಹನ 300 ಅಡಿಯನ್ನು ಸುಮಾರು ಐದೂವರೆ ಸೆಕೆಂಡಿನಲ್ಲಿ ದಾಟುತ್ತದೆ. ಅಲ್ಲಿ 30 ಇಂಚಿನ ಅಕ್ಷರದಲ್ಲಿ ನಾಲ್ಕೈದು ಪದ ಹಿಡಿದರೆ ಹೆಚ್ಚು. ಉಳಿದದ್ದನ್ನು ಏಕೆ ಬಿಟ್ಟಿರಿ ಎಂದು ಪಕ್ಕದಲ್ಲೇ ಎರಡು ಸಾಲು ಬರೆಯಿರಿ. ಜಾಹೀರಾತಿನ ಚಿತ್ರ ರೂಪಿಸುವ ವಿಶುವಲೈಸರ್ ಹುದ್ದೆಯ ಸಂದರ್ಶನದಲ್ಲಿ ಆ ಪ್ರಶ್ನೆ ಕೇಳಬಹುದು.