40 ಲೀಟರಿನ ಹಗುರ ಬ್ಯಾಗ್: ಮಧುಗಿರಿ, ಅಂತರಗಂಗೆಯಲ್ಲಿ ಎರಡು ವರ್ಷ ತಿರುಗಿದ ಮೇಲೆ

ಖಾಲಿ ತೂಕ 950 ಗ್ರಾಂ. ಬಟ್ಟೆ 100 ಡೀನಿಯರ್ ರಿಪ್‌ಸ್ಟಾಪ್ ನೈಲಾನ್. ಅಂಗಡಿಯಲ್ಲಿ ಎಲ್ಲರೂ ಎತ್ತಿ ತೂಕ ನೋಡುತ್ತಾರೆ, ತಿರುಗಿಸಿ ತಳ ನೋಡುವವರು ಕಡಿಮೆ. ನಮ್ಮ ಕಡೆಯ ಬೆಟ್ಟಗಳಿಗೆ ತಳವೇ ಮುಖ್ಯ.

ಮಧುಗಿರಿ ಏಕಶಿಲೆ. ಇಳಿಜಾರು ಕಡಿದಾದಲ್ಲಿ ಕೂತುಕೊಂಡೇ ಇಳಿಯಬೇಕು, ಜೊತೆಗೆ ಬ್ಯಾಗೂ ಬಂಡೆಗೆ ಉಜ್ಜುತ್ತದೆ. ಗ್ರಾನೈಟ್ ಅಂದರೆ ಉಪ್ಪುಕಾಗದವೇ. ರಿಪ್‌ಸ್ಟಾಪ್ ನೇಯ್ಗೆ ಹರಿದದ್ದು ಮುಂದಕ್ಕೆ ಹರಿಯದಂತೆ ತಡೆಯುತ್ತದೆ, ಸವೆತ ತಡೆಯುವುದಿಲ್ಲ. ಡೀನಿಯರ್ ಎಂದರೆ 9,000 ಮೀಟರ್ ನೂಲಿನ ತೂಕ, ಗ್ರಾಂಗಳಲ್ಲಿ. ಮೇಲ್ಭಾಗಕ್ಕೆ 100 ಸಾಕು, ತಳಕ್ಕೆ 420ಕ್ಕಿಂತ ಕಡಿಮೆ ಬೇಡ. ಈ ಬ್ಯಾಗಿನಲ್ಲಿ ಮೇಲೂ ಕೆಳಗೂ ಒಂದೇ ಬಟ್ಟೆ. ಎರಡನೇ ವರ್ಷಕ್ಕೆ ಮೂಲೆಗಳಲ್ಲಿ ಬೆಳಕು ಕಾಣತೊಡಗಿತು.

ಅಂತರಗಂಗೆಯ ಗುಹೆಗಳಲ್ಲಿ ತೆವಳುವಾಗ ಮೊದಲು ಹರಿದದ್ದು ಪಕ್ಕದ ಬಲೆ ಜೇಬು. ಉಳಿದದ್ದನ್ನು ಜಾಲಿ ಮುಳ್ಳು ಮುಗಿಸಿತು. ಬಲೆಯ ಬದಲು ಗಟ್ಟಿ ಬಟ್ಟೆಯ ಜೇಬಿರುವ ಬ್ಯಾಗ್ ಆರಿಸಿ. ಗುಹೆಗೆ ನುಗ್ಗುವ ಮುಂಚೆ ಬಾಟಲಿ, ಚಾಪೆ ಎರಡನ್ನೂ ಒಳಗೆ ಹಾಕಿ.

ಸೊಂಟದ ಪಟ್ಟಿಗೆ ದೂರಿಲ್ಲ, 9 ಕೆಜಿವರೆಗೆ. 12 ದಾಟಿದರೆ ಪಟ್ಟಿ ಜಾರಿ ಭಾರವೆಲ್ಲ ಹೆಗಲಿಗೆ ಬೀಳುತ್ತದೆ. ಬೇಸಿಗೆಯಲ್ಲಿ 4 ಲೀಟರ್ ನೀರೇ 4 ಕೆಜಿ, ಲೆಕ್ಕ ಅಲ್ಲಿಂದ ಶುರು ಮಾಡಿ. ನೀರನ್ನು ಬೆನ್ನಿಗೆ ಅಂಟಿಕೊಂಡಂತೆ ಇಟ್ಟರೆ ಬಂಡೆ ಹತ್ತುವಾಗ ಹಿಂದಕ್ಕೆ ಜಗ್ಗುವುದಿಲ್ಲ.

ಜಿಪ್ ಹಲ್ಲು ಕೂಡದೆ ಬಾಯಿ ಬಿಡುವುದು ಬಹುತೇಕ ಹಲ್ಲಿನ ತಪ್ಪಲ್ಲ, ದೂಳು ತಿಂದು ರನ್ನರ್ ಸಡಿಲವಾಗಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದು, ರನ್ನರಿನ ಎರಡೂ ಬದಿಯನ್ನು ಇಕ್ಕಳದಿಂದ ಒಂದಿಷ್ಟೇ ಒತ್ತಿ. ಜೋರಾಗಿ ಒತ್ತಿದರೆ ಸೀಳುತ್ತದೆ.

ಒಳಗಿನ ನೀರು ತಡೆಯುವ ಪಿಯು (ಪಾಲಿಯುರೆಥೇನ್) ಲೇಪನ ಅಂಟಂಟಾಗಿ ನಾತ ಹೊಡೆಯತೊಡಗಿದರೆ ತೇವದಲ್ಲಿ ಮಡಚಿಟ್ಟದ್ದೇ ಕಾರಣ. ಅದು ಮತ್ತೆ ಸರಿಹೋಗುವುದಿಲ್ಲ. ವಾಷಿಂಗ್ ಮಷಿನ್ ಬೇಡ, ನೆರಳಲ್ಲಿ ಒಣಗಿಸಿ.

ಸವೆದ ತಳಕ್ಕೆ 1000 ಡೀನಿಯರ್ ಕಾರ್ಡುರಾ ಎಂಬ ಗಟ್ಟಿ ನೈಲಾನ್ ಬಟ್ಟೆಯ ತೇಪೆ ಹಾಕಿಸಿದ್ದಾಗಿದೆ. ಬ್ಯಾಗ್ ರಿಪೇರಿಯವರಿಗೆ ಹತ್ತಿ ದಾರ ಬೇಡ, ನೈಲಾನ್ ದಾರವೇ ಬೇಕೆಂದು ಮೊದಲೇ ಹೇಳಿ. ಹತ್ತಿ ಬೆವರು, ಮಳೆಗೆ ಕೊಳೆಯುತ್ತದೆ. ಹೊಲಿಗೆಯ ತೂತಿನಿಂದ ನೀರು ಇಳಿಯುತ್ತದೆ, ಒಳಗೊಂದು ದಪ್ಪ ಪ್ಲಾಸ್ಟಿಕ್ ಚೀಲ ಇರಲಿ. ತೇಪೆಯಿಂದ ಏರಿದ ತೂಕ ಸುಮಾರು 40 ಗ್ರಾಂ. ಕಂಪನಿಯವರು ಉಳಿಸಿದ್ದೂ ಅಷ್ಟೇ ಇರಬೇಕು.